ಇಸ್ತ್ರಿ ಅಕ್ಕನ ಪಟ್ಟಿ

ಮುಟ್ಟು ನಿಂತ ಮೇಲೆ ನಮ್ಮಕ್ಕನ ಮೈ ಒಲೆಯಾಗಿಬಿಟ್ಟಿತು. ಮೊದಲೇ ಇಸ್ತ್ರಿ ಅಂಗಡಿ ಕೆಲಸ, ಹೊರಗೂ ಉರಿ, ಒಳಗೂ ಉರಿ. ನುಂಗುವ ಮಾತ್ರೆ ಆಗಿಬರಲಿಲ್ಲವೆಂದು ಡಾಕ್ಟರಮ್ಮ ಹೊಟ್ಟೆಗೆ ವಾರಕ್ಕೊಂದರಂತೆ ಅಂಟಿಸಿಕೊಳ್ಳುವ ಹಾರ್ಮೋನ್ ಪಟ್ಟಿ ಕೊಟ್ಟರು.

ಶುರುವಾಯಿತು ನೋಡಿ ಹೊಸ ಗೋಳು! ಪಟ್ಟಿ ಹಾಕಿದ ದಿನ ತಲೆ ಸಿಡಿಯುವ ನೋವು, ಎದೆ ಮುಟ್ಟಿಸಿಕೊಳ್ಳಲಾಗದಷ್ಟು ಬಾವು, ನಿಂತಿದ್ದ ರಕ್ತ ಮತ್ತೆ. ವಾರ ಮುಗಿಯುವ ಮೊದಲೇ ಅದೇ ಬೆವರು, ಅದೇ ಉರಿ. ಡಾಕ್ಟರಮ್ಮ ಡೋಸ್ ಇಳಿಸಿದರು, ಏರಿಸಿದರು. ಅಕ್ಕ ಭಾವನ ಮೇಲೆ ಹರಿಹಾಯ್ದಳು, ನನ್ನ ಮೇಲೂ. ಒಂದು ದಿನ, "ಸಾಕಾಯ್ತು ಕಣೇ, ಸಾಯೋದೇ ವಾಸಿ" ಅಂದುಬಿಟ್ಟಳು.

ಮೊನ್ನೆ ಅಂಗಡಿಗೆ ಹೋದೆ. ಪರದೆಯ ಹಿಂದೆ ಅಕ್ಕ ಹೊಟ್ಟೆಯ ಪಟ್ಟಿಯ ಮೇಲೆ ಕರ್ಚೀಫ್ ಹಾಸಿ, ಆರುತ್ತಿದ್ದ ಇಸ್ತ್ರಿಪೆಟ್ಟಿಗೆಯನ್ನು ಒತ್ತಿಕೊಳ್ಳುತ್ತಿದ್ದಳು.

"ಹುಚ್ಚು ಹಿಡೀತೇನೇ ನಿಂಗೆ?"

"ಬೆವರಿಗೆ ಪಟ್ಟಿ ಎದ್ದು ಬರುತ್ತೆ ಕಣೇ. ಅಂಗಿ ಕಾಲರಿನೊಳಗಿನ ಅಂಟು ಕ್ಯಾನ್ವಾಸು ಬಿಸಿ ತಾಗಿದ್ರೆ ತಾನೇ ಬಟ್ಟೆಗೆ ಕಚ್ಚಿ ಕೂರೋದು? ಇದೂ ಹಾಗೇ."

ಅವಳನ್ನು ಕರೆದೊಯ್ದು ಹೇಳಿದಾಗ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಬಿಸಿ ತಾಗಿದರೆ ನಿಧಾನವಾಗಿ ಇಳಿಯಬೇಕಾದ ಔಷಧಿ ಒಮ್ಮೆಲೇ ಮೈಗೆ ನುಗ್ಗುತ್ತದಂತೆ, ಆಮೇಲೆ ಪಟ್ಟಿಯಲ್ಲಿ ಏನೂ ಉಳಿಯುವುದಿಲ್ಲವಂತೆ. "ಹೊಸ ಪಟ್ಟಿ ಕೊಡ್ತೀನಿ. ಆದ್ರೆ ಬಿಸಿಯಿಂದ ದೂರ ಇರಬೇಕಮ್ಮ" ಅಂದರು.

ಅಕ್ಕ ಗೋಣು ಹಾಕಿದಳು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ದೂರ ಅಂದ್ರೆ ಎಲ್ಲಿಗೆ ಹೋಗ್ಲಿ, ನೀನೇ ಹೇಳೇ" ಅಂದಳು.

ಅವಳ ಅಂಗೈ ಸುಡುತ್ತಿತ್ತು.