ಕುಂಟರೆಕ್ಕೆಯ ಬಿಲ್ಲೆ

ನಮ್ಮೂರಿನ ಅರ್ಧ ಜನ ಬಾಯ್ತುಂಬ ನಗುವುದು ನಮ್ಮ ಸೋದರಮಾವನಿಂದ. ಅವರೇನೂ ತಮಾಷೆ ಮಾಡಿ ನಗಿಸುವುದಿಲ್ಲ, ಹಲ್ಲು ಕಟ್ಟುತ್ತಾರೆ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ ಕಟ್ಟು ಹಲ್ಲಿನ ಸೆಟ್ಟು ತಯಾರಾಗುವುದು ಮಾವನ ಬೆಂಚಿನ ಮೇಲೆ. ದಾರಿಯಲ್ಲಿ ಯಾರು ಸಿಕ್ಕರೂ ಮುಖ ನೋಡುವುದಿಲ್ಲ, ಬಾಯಿ ನೋಡುತ್ತಾರೆ. "ಅದು ನಂದೇ" ಎಂದು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿ ಮೊಣಕೈಯಿಂದ ತಿವಿಸಿಕೊಳ್ಳುತ್ತಾರೆ.

ಹೊಟ್ಟೆಪಾಡಿಗೆ ಹಲ್ಲಾದರೆ ಹುಚ್ಚಿಗೆ ಬಿಲ್ಲೆ. ಯುದ್ಧದ ಕಾಲದಲ್ಲಿ ಊರಾಚೆ, ಈಗ ಬಸ್ ಡಿಪೊ ಇರುವ ಜಾಗದಲ್ಲಿ, ಸೆರೆಸಿಕ್ಕ ಸೈನಿಕರ ಶಿಬಿರವಿತ್ತು. ತಂತಿಬೇಲಿಯೊಳಗೆ ವರ್ಷಗಟ್ಟಲೆ ಕೊಳೆತವರು ಕಳೆದುಹೋದ ತಮ್ಮ ಪಡೆಯ ಬ್ಯಾಡ್ಜುಗಳನ್ನು ತಾವೇ ಮಾಡಿಕೊಂಡರು. ಊಟದ ಡಬ್ಬಿಗಳ ಬೆಸುಗೆ ಕೆರೆದು, ಕರಗಿಸಿ, ಜೇಡಿಮಣ್ಣಿನ ಅಚ್ಚಿಗೆ ಹೊಯ್ದು. ಗುಜರಿ ಅಂಗಡಿಯಲ್ಲಿ, ಹಳೇ ಮನೆಗಳ ಅಟ್ಟದಲ್ಲಿ ಅಂಥದ್ದೊಂದು ಇದೆಯೆಂದು ಕಿವಿಗೆ ಬಿದ್ದರೆ ಸಾಕು, ಮಾವ ಯಾರದೋ ದವಡೆಯನ್ನು ಅರ್ಧಕ್ಕೇ ಬಿಟ್ಟು ಓಡುತ್ತಿದ್ದರು.

ಅವುಗಳಲ್ಲೆಲ್ಲ ಅಪರೂಪದ್ದು ಕುಂಟರೆಕ್ಕೆ. ಅದರಲ್ಲಿದ್ದ ಹದ್ದಿಗೆ ಒಂದು ರೆಕ್ಕೆ ಪೂರ್ತಿ, ಇನ್ನೊಂದು ಅರ್ಧ. ಮಾವ ಅದನ್ನು ಮಖಮಲ್ಲಿನ ಮೇಲೆ ಮಲಗಿಸಿದ್ದರು. ಪಿನ್ನು ಮುರಿದೀತೆಂದು ಒಂದು ದಿನವೂ ಅದನ್ನು ತೆರೆದವರಲ್ಲ, ತಿರುಗಿಸಿ ನೋಡಿದವರೂ ಅಲ್ಲ.

ಅದರ ಮೇಲೆ ನಮ್ಮಪ್ಪನ ಕಣ್ಣು ಬಿತ್ತು. ಅಪ್ಪ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕೇಳಿದ್ದು ಸಿಗುವವರೆಗೆ ಕದಲದಿರುವುದು ಅವರ ಕಸುಬು.

"ಅಕ್ಕನ್ನೇ ಕೊಟ್ಟವನು ಒಂದು ಬಿಲ್ಲೆ ಕೊಡೋಕೆ ಹಿಂದೆಮುಂದೆ ನೋಡ್ತೀಯಲ್ಲೋ!"

"ಅಕ್ಕನ್ನ ಕೊಡುವಾಗ ನನ್ನ ಯಾರು ಕೇಳಿದ್ರು ಭಾವ?" ಎನ್ನುತ್ತಿದ್ದರು ಮಾವ.

ಕೊನೆಗೆ ಕಾಟ ತಾಳಲಾರದೆ ಮಾವ ಒಂದು ಕಿತಾಪತಿ ಮಾಡಿದರು. ಹಲ್ಲಿನ ಅಚ್ಚು ತೆಗೆಯುವ ಪುಡಿಯಲ್ಲೇ ಕುಂಟರೆಕ್ಕೆಯ ಮುಂಭಾಗದ ಅಚ್ಚಷ್ಟೇ ತೆಗೆದು, ಅದೇ ಬಗೆಯ ಲೋಹ ಹೊಯ್ದು, ಹಿಂದೆ ಅಂದಾಜಿನ ಮೇಲೆ ಪಿನ್ನು ಬೆಸೆದು, ಹೊಗೆಗೆ ಹಿಡಿದು ಕಪ್ಪು ಮಾಡಿದರು. ಥೇಟ್ ಅವಳಿಜವಳಿ. ಬೆಳಿಗ್ಗೆ ಬೆಂಚು ಒರೆಸಿದ ಅತ್ತೆ ಎರಡನ್ನೂ ಎತ್ತಿ ಒಂದೇ ಬಟ್ಟಲಿಗೆ ಹಾಕಿಬಿಟ್ಟರು.

ಈಗ ಅಸಲಿ ಯಾವುದು? ಮಾವ ಮೊದಲ ಸಲ ಎರಡನ್ನೂ ತಿರುಗಿಸಿ ನೋಡಿದರು. ಒಂದರ ಪಿನ್ನು ಎಲ್ಲ ಬ್ಯಾಡ್ಜುಗಳ ಹಾಗೆ ತೆರೆಯುತ್ತಿತ್ತು, ಇನ್ನೊಂದರದು ಉಲ್ಟಾ ಕಡೆಯಿಂದ. "ಅಷ್ಟು ಕಷ್ಟದಲ್ಲಿ ಇಷ್ಟು ಚೆನ್ನಾಗಿ ಮಾಡಿದವನು ಪಿನ್ನು ತಿರುವುಮುರುವು ಹಾಕ್ತಾನಾ? ಆತುರದಲ್ಲಿ ನಾನೇ ಎಡವಟ್ಟು ಮಾಡಿರ್ತೀನಿ" ಎಂದು ನಿರ್ಧರಿಸಿ, ಉಲ್ಟಾ ಪಿನ್ನಿನದನ್ನು ಅಪ್ಪನಿಗೆ ಕೊಟ್ಟರು. ಸೈನಿಕ ಎರಡು ಮಾಡಿದ್ದನಂತೆ, ಇನ್ನೊಂದು ಈಗಷ್ಟೇ ಸಿಕ್ಕಿತು ಎಂದು ಕಾಗೆ ಹಾರಿಸಿದರು. ನಿಜ ಹೇಳಿದ್ದು ನನಗೊಬ್ಬಳಿಗೇ. ನಾನು ಅಪ್ಪನ ಮಗಳು ಹೌದು, ಆದರೆ ನಗು ಇರುವ ಕಡೆ ನನ್ನ ಪಕ್ಷ. ಬಾಯಿ ಬಿಡಲಿಲ್ಲ.

ಅಪ್ಪ ಹಾಲು ತರಲು ಹೋಗುವಾಗಲೂ ಕೋಟಿಗೆ ಅದನ್ನು ಚುಚ್ಚಿಕೊಳ್ಳುತ್ತಿದ್ದರು. ಪ್ರತಿ ಸಲವೂ ಮೊದಲು ಚುಚ್ಚುತ್ತಿದ್ದುದು ಬೆರಳಿಗೆ. "ನಿನ್ನ ಸೈನಿಕನಿಗೆ ಪಿನ್ನು ಹಾಕೋಕೇ ಬರ್ತಿರಲಿಲ್ವೇನೋ?" ಎಂದು ಬೆರಳು ಚೀಪಿದರೆ, ಮಾವ ನನ್ನತ್ತ ನೋಡಿ ಕೆಮ್ಮುತ್ತಿದ್ದರು.

ಹೀಗೆ ವರ್ಷಗಳು ಉರುಳಿದವು. ಗ್ರಂಥಾಲಯದವರು ಮಾವನ ಬಿಲ್ಲೆಗಳ ಪ್ರದರ್ಶನ ಇಟ್ಟರು. ಪತ್ರಿಕೆಯಲ್ಲಿ ಕುಂಟರೆಕ್ಕೆಯ ಫೋಟೊ ಬಂತು. ಅದನ್ನು ನೋಡಿ ದೂರದ ಊರಿಂದ ಒಬ್ಬ ಅಜ್ಜಿ ಚಿಕ್ಕ ಪೆಟ್ಟಿಗೆ ಹಿಡಿದು ಗ್ರಂಥಾಲಯಕ್ಕೆ ಬಂದೇಬಿಟ್ಟರು.

"ನಮ್ಮಪ್ಪ ಈ ಊರಲ್ಲೇ ಸೆರೆಯಲ್ಲಿದ್ದಿದ್ದು" ಎಂದರು. "ಲೋಹ ಸಾಲದೆ ಒಂದು ರೆಕ್ಕೆ ಅರ್ಧಕ್ಕೇ ನಿಂತುಹೋಯ್ತು ಅಂತ ಹೇಳ್ತಿದ್ರು. ಬಿಡುಗಡೆ ದಿನದ ಗಡಿಬಿಡೀಲಿ ಇಲ್ಲೇ ಕಳ್ಕೊಂಡ್ರಂತೆ. ಸಾಯೋವರೆಗೂ ಅದನ್ನೇ ನೆನೆಸ್ಕೋತಿದ್ರು. ಒಂದೇ ಒಂದ್ಸಲ ಹಾಕ್ಕೊಂಡು ನೋಡ್ಲಾ?"

ಯಾರಿಗೂ ಮುಟ್ಟಲು ಬಿಡದ ಮಾವ ಗಾಜಿನ ಮುಚ್ಚಳ ತೆಗೆದು, ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಅಜ್ಜಿ ಎಡಗೈಯಲ್ಲಿ ಪಿನ್ನು ಬಿಚ್ಚಲು ನೋಡಿದರು. ಬರಲಿಲ್ಲ. ತಿರುಗಿಸಿ ನೋಡಿದರು. ಅವರ ಮುಖ ಸಪ್ಪಗಾಯಿತು.

"ಇದು ನಮ್ಮಪ್ಪಂದಲ್ಲ."

"ಯಾಕಮ್ಮಾ? ರೆಕ್ಕೆ ನೋಡಿ!"

"ರೆಕ್ಕೆ ಸರಿ. ಪಿನ್ನು ಅಲ್ಲ. ಅಪ್ಪ ಎಡಚರು, ನನ್ನ ಹಾಗೇನೇ. ಕಪಾಟಿನ ಚಿಲಕ ಮಾಡಿದ್ರೂ ಎಡಗೈಗೆ ಒಪ್ಪೋ ಹಾಗೇ ಮಾಡ್ತಿದ್ರು. ಇದು ಯಾರೋ ಬಲಗೈಯವರ ಕೆಲಸ."

ಮಾವ ಇಂಗು ತಿಂದ ಮಂಗನಂತಾದರು. ನಿಧಾನಕ್ಕೆ ಅವರ ಕಣ್ಣು ನಮ್ಮಪ್ಪನ ಕೋಟಿನತ್ತ ಹೋಯಿತು. ನನ್ನದೂ ಹೋಯಿತು. ಅಪ್ಪ ಕುರ್ಚಿಯಲ್ಲಿ ಕೂತು ಬೆರಳು ಚೀಪುತ್ತಿದ್ದರು.

ಅಜ್ಜಿ ಬಿಲ್ಲೆಯನ್ನು ಮಖಮಲ್ಲಿನ ಮೇಲಿಟ್ಟು ಪೆಟ್ಟಿಗೆ ಎತ್ತಿಕೊಂಡರು. ಮಾವ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅವರು ಹೊರಟುಹೋಗುತ್ತಿದ್ದರು. ಮಾವನ ಮರ್ಯಾದೆ ಉಳಿಯುತ್ತಿತ್ತು, ಇವತ್ತಲ್ಲ ನಾಳೆ ಅಪ್ಪನನ್ನು ಪುಸಲಾಯಿಸಿ ಅಸಲಿಯನ್ನು ಹಿಂದಕ್ಕೆ ಪಡೆಯಲೂಬಹುದಿತ್ತು. ಆ ಆಸೆ ಅವರ ಮುಖದ ಮೇಲೆ ಸುಳಿದದ್ದನ್ನು ನಾನು ಕಣ್ಣಾರೆ ಕಂಡೆ.

"ಸ್ವಲ್ಪ ಇರೀಮ್ಮಾ" ಎಂದರು ಮಾವ. "ಇದು ನಾನು ಮಾಡಿದ ನಕಲು. ನಿಮ್ಮಪ್ಪಂದು ಅಗೋ, ನಮ್ಮ ಭಾವನ ಕೋಟಿನ ಮೇಲಿದೆ."

ಅಪ್ಪ ಎದ್ದು ನಿಂತರು. "ನಕಲಾ? ಯಾವ ನಕಲು?"

"ನಿಮಗೆ ನಕಲಿ ಕೊಟ್ಟೆ ಅಂದ್ಕೊಂಡು ಅಸಲಿ ಕೊಟ್ಬಿಟ್ಟಿದೀನಿ ಭಾವ."

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇನ್ನು ಗ್ರಂಥಾಲಯದ ಸೂರು ಹಾರಿಹೋಗುತ್ತದೆ ಎಂದುಕೊಂಡೆ. ಅವರು ನಕ್ಕರು. ಮಾವನೇ ಕಟ್ಟಿದ ಮೇಲಿನ ಸೆಟ್ಟು ಜಾರಿ ಬೀಳುವಷ್ಟು ನಕ್ಕು, ಅದನ್ನು ಹೆಬ್ಬೆರಳಿನಿಂದ ಒತ್ತಿಕೊಂಡು, ಅಜ್ಜಿಯ ಮುಂದೆ ಕೋಟು ಚಾಚಿದರು.

ಅಜ್ಜಿಯ ಎಡಗೈ ತಾಕಿದ್ದೇ ತಡ, ಪಿನ್ನು ಬಿಚ್ಚಿಕೊಂಡಿತು. ಅದನ್ನು ಎದೆಗೆ ಚುಚ್ಚಿಕೊಂಡು, ಮೇಲೆ ಅಂಗೈ ಮುಚ್ಚಿ ನಿಂತುಬಿಟ್ಟರು. ನನಗೆ ಅಳು ಬಂತು. ಅವರು ಬಿಚ್ಚಿ ಹಿಂದಿರುಗಿಸಲು ಹೋದಾಗ ಅಪ್ಪ ತಡೆದರು. "ಇರ್ಲಿ ಇಟ್ಕೊಳಿ. ನನ್ನ ಬೆರಳಿಗೂ ಸ್ವಲ್ಪ ವಿಶ್ರಾಂತಿ ಸಿಗ್ಲಿ." ಆಮೇಲೆ ಮಾವನ ಮುಖ ನೋಡಿದರು. ಮಾವ ತಲೆಯಾಡಿಸಿದರು.

ಅಜ್ಜಿಯನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಮಾವ ಬಹಳ ಹೊತ್ತು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದರು. ಅಪ್ಪ ಹೋಗಿ ಪಕ್ಕದಲ್ಲಿ ನಿಂತು, ಬರಿದಾದ ಕೋಟಿನ ಅಂಚನ್ನು ಮುಂದೆ ಹಿಡಿದರು.

"ಕೊಡೋ ನಿನ್ನ ನಕಲೀನ. ಈ ಸಲ ಗೊತ್ತಿದ್ದು ಕೊಡು."

ಮಾವ ಮಖಮಲ್ಲಿನ ಮೇಲಿಂದ ಅದನ್ನು ಎತ್ತಿ, ತಾವೇ ಭಾವನ ಕೋಟಿಗೆ ಚುಚ್ಚಿದರು. ಅಪ್ಪ ಅದನ್ನೊಮ್ಮೆ ಬಿಚ್ಚಿ, ಮತ್ತೆ ಹಾಕಿಕೊಂಡು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

"ಚುಚ್ಚಲಿಲ್ಲ ಕಣೋ" ಎಂದರು. "ಆ ಪುಣ್ಯಾತ್ಮನಿಗಿಂತ ನಿನ್ನ ಕೆಲಸವೇ ಚೆನ್ನಾಗಿದೆ."