ಮಣ್ಣಿನ ಮಡಕೆಗೆ ಬಂದ ಕಲ್ಲೂರು

ಸಿಯಾಟಲ್ ಹತ್ತಿರದ ಟೋಟೆಮ್ ಲೇಕಿನ ಆ ಅಪಾರ್ಟ್‌ಮೆಂಟಿನಲ್ಲಿ ಗಾಳದ ಕೋಲುಗಳು ಒರಗಿರುವ ಬಾಗಿಲು ಒಂದೇ, ಅದು ರೀನಾಳದು. ವಾರವಿಡೀ ಬೆಲ್ವ್ಯೂವಿನ ಆಫೀಸಿನಲ್ಲಿ ಕುಳಿತು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಈ ಹೆಂಗಸು, ಶನಿವಾರ ಬಂತೆಂದರೆ ಸಮಾಮಿಶ್ ಸರೋವರದ ದಡದಲ್ಲಿ ಗಾಳ ಹಾಕಿ ನಿಂತಿರುತ್ತಾಳೆ. ಹುಟ್ಟಿದ್ದು ಮಲ್ಪೆಯಲ್ಲಿ. ಅಪ್ಪ ಅಲ್ಲಿನ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದರು. ನೀರು ಕಂಡರೆ ಅವಳ ಕಾಲು ತಾನಾಗಿಯೇ ಆ ಕಡೆ ತಿರುಗುತ್ತದೆ.

ಅವಳು ತಂದ ಮೀನನ್ನು ಗಂಡ ನೆಲ್ಸನ್ ಚಪ್ಪರಿಸಿ ತಿನ್ನುತ್ತಾನೆ. ಅಕ್ಕಪಕ್ಕದವರೂ ಕೇಳಿ ಒಯ್ಯುತ್ತಾರೆ. ತಿನ್ನದವರು ಒಬ್ಬರೇ, ಅತ್ತೆ ಮೇರಿಯಮ್ಮ. ಉಡುಪಿಯಿಂದ ಬರುವಾಗ ಅವರು ಒಂದು ಮಣ್ಣಿನ ಮಡಕೆಯನ್ನು ಸೀರೆಯಲ್ಲಿ ಸುತ್ತಿ, ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡೇ ಬಂದಿದ್ದರು. ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಅದರಲ್ಲಿ ಮೀನಿನ ಸಾರು ಕುದಿಯಲೇಬೇಕು. ಮೀನು ಮಾತ್ರ ಅಂಗಡಿಯದು, ಹಿಮಗಟ್ಟಿದ ಬಂಗುಡೆಯಾದರೂ ಸರಿ, ಅದು ಸಮುದ್ರದ್ದಾಗಿರಬೇಕು.

"ನೀನು ಹಿಡಿದದ್ದನ್ನು ನಿನ್ನ ಸ್ಟೀಲ್ ಪಾತ್ರೆಯಲ್ಲಿ ಮಾಡ್ಕೋ ಮಾರಾಯ್ತಿ. ಕೆರೆ ಮೀನಿಗೆ ಕೆಸರಿನ ವಾಸನೆ. ನನ್ನ ಮಡಕೆಗೆ ಒಮ್ಮೆ ಹಿಡಿದ್ರೆ ಮತ್ತೆ ಹೋಗ್ಲಿಕ್ಕಿಲ್ಲ."

ರೀನಾ ನಗುತ್ತಿದ್ದಳು. ಆದರೆ ಪ್ರತಿ ಭಾನುವಾರ ಆ ಮಡಕೆಯ ಕಡೆಗೆ ಅವಳ ಕಣ್ಣು ಹೋಗದೆ ಇರುತ್ತಿರಲಿಲ್ಲ. ತನ್ನ ಕೈಯಾರೆ ಹಿಡಿದ ಒಂದು ಮೀನು, ಒಂದೇ ಒಂದು ಸಲ, ಅದರಲ್ಲಿ ಕುದಿಯಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಈ ಬೇಸಿಗೆಯ ಮೊದಲಲ್ಲಿ ಅವಳು ಕ್ಲೀವ್‌ಲ್ಯಾಂಡಿನಲ್ಲಿರುವ ತಮ್ಮ ಮೆಲ್ರಾಯ್‌ನ ಮನೆಗೆ ಹೋಗಿದ್ದಳು. ಅಲ್ಲಿರುವುದು ಈರಿ ಸರೋವರ. ಗಾಳ ಹಾಕಿದ ಸ್ವಲ್ಪ ಹೊತ್ತಿಗೆ ಕೋಲು ಬಾಗಿತು. ಮೇಲೆ ಬಂದದ್ದು ಬೂದುಬೆಳ್ಳಿ ಬಣ್ಣದ, ಬೆನ್ನು ಗೂನಾದ ಮೀನು.

ಪಕ್ಕದಲ್ಲಿ ಗಾಳ ಹಾಕಿದ್ದ ಮುದುಕ ಮುಖ ಸಿಂಡರಿಸಿ, ಅದು ಡ್ರಮ್ ಎಂಬ ಮೀನು, ತಿನ್ನಲು ಯೋಗ್ಯವಲ್ಲ, ನೀರಿಗೆ ಬಿಡು ಎಂದ. ತಾನೂ ಅಂಥದೇ ಒಂದನ್ನು ಕೊಕ್ಕೆ ಬಿಡಿಸಿ ಹಿಂದಕ್ಕೆ ಎಸೆದ.

ರೀನಾ ಬಿಡಲಿಲ್ಲ. ಮೀನು ಅವಳ ಅಂಗೈಯಲ್ಲಿ ಗೊರ್ ಗೊರ್ ಎಂದು ಗೊಣಗುತ್ತಿತ್ತು. ಅದರ ಹೊಟ್ಟೆಯೊಳಗೆ ಯಾರೋ ಸಣ್ಣಗೆ ಡೋಲು ಬಡಿದ ಹಾಗೆ ಬೆರಳುಗಳವರೆಗೆ ನಡುಕ ಬರುತ್ತಿತ್ತು. ಮಲ್ಪೆಯಲ್ಲಿ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಅಪ್ಪ ಬುಟ್ಟಿಯಿಂದ ಒಂದು ಮೀನನ್ನೆತ್ತಿ ಅವಳ ಕಿವಿಗೆ ಹಿಡಿದು, "ಕೇಳು, ಕಲ್ಲೂರು ಸಿಟ್ಟು ಮಾಡ್ತಾ ಉಂಟು" ಎಂದದ್ದು ಆ ಕ್ಷಣವೇ ನೆನಪಾಯಿತು.

"ಮೆಲ್ರಾಯ್, ಚಾಕು ಕೊಡು. ಬೇಗ."

"ಅಕ್ಕಾ, ಅದನ್ನು ಇಲ್ಲಿ ಯಾರೂ ತಿನ್ನೋದಿಲ್ಲ."

"ಯಾರು ತಿನ್ನೋದಿಲ್ಲ ಅಂತ ನಾನು ಕೇಳಿದ್ನಾ? ಚಾಕು ಕೇಳಿದ್ದು."

ತಲೆ ಸೀಳಿದಳು. ಒಳಗೆ ಹಲ್ಲಿನಂತೆ ಬೆಳ್ಳಗಿರುವ ಎರಡು ಕಲ್ಲುಗಳು. ಸಮುದ್ರದ ಕಲ್ಲೂರು ಮೀನಿಗೆ ಆ ಹೆಸರು ಬಂದದ್ದೇ ಇದರಿಂದ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಆಮೇಲೆ ದೊಡ್ಡವು ಸಿಕ್ಕರೆ ಬಿಟ್ಟಳು, ಎಳೆಯವನ್ನು ಮಾತ್ರ ಇಟ್ಟುಕೊಂಡಳು. ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು ಐಸಿನಲ್ಲಿ ಹೂತಳು. ಹೊರಡುವ ದಿನ, ಗಟ್ಟಿಯಾಗಿ ಹಿಮಗಟ್ಟಿದ ಮೀನುಗಳನ್ನು ಪೆಟ್ಟಿಗೆಗೆ ತುಂಬಿ ವಿಮಾನಕ್ಕೆ ಹಾಕಿಸಿದಳು.

ಸಿಯಾಟಲ್ ವಿಮಾನ ನಿಲ್ದಾಣಕ್ಕೆ ಬಂದಿದ್ದ ನೆಲ್ಸನ್ ಪೆಟ್ಟಿಗೆ ಎತ್ತಿ ಕಾರಿಗಿಡುವಷ್ಟರಲ್ಲಿ ಏದುಸಿರು ಬಿಟ್ಟ.

"ಎಂತ ಇದು, ತಮ್ಮನನ್ನೇ ತುಂಬಿಸಿ ತಂದಿದ್ದೀಯಾ?"

"ಕಲ್ಲೂರು. ಮಾಮಿಯ ಮಡಕೆಗೆ."

"ಸಮುದ್ರದ್ದಾ?"

"ಸರೋವರದ್ದು."

ನೆಲ್ಸನ್ ಕಾರು ಸ್ಟಾರ್ಟ್ ಮಾಡುವುದನ್ನೇ ಮರೆತ. "ರೀನಾ, ನನ್ನ ಮಾತು ಕೇಳು. ಎಲ್ಲಿಯದು ಅಂತ ಹೇಳ್ಬೇಡ. ಸುಮ್ನೆ ಕಲ್ಲೂರು ಅನ್ನು, ಸಾಕು."

"ಸುಳ್ಳು ಹೇಳಿ ಮಡಕೆಗೆ ಹಾಕಿಸೋದಾದ್ರೆ ಇಷ್ಟು ವರ್ಷ ಯಾಕೆ ಕಾಯ್ಬೇಕಿತ್ತು?"

ಭಾನುವಾರ ಇಗರ್ಜಿಯಿಂದ ಬಂದವಳೇ ರೀನಾ ಸಿಂಕಿನ ಪಕ್ಕದಲ್ಲಿ ಒಂದು ಇಡೀ ಮೀನನ್ನು ಇಟ್ಟಳು. ಮೇರಿಯಮ್ಮ ಕನ್ನಡಕ ಏರಿಸಿದರು. ಕಿವಿರು ಬಿಡಿಸಿ ಮೂಸಿದರು. ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದರು. ಅವರ ಮುಖ ಅರಳಿತು.

"ಕಲ್ಲೂರಲ್ವಾ ಇದು? ಸ್ವಲ್ಪ ಗೂನು ಜಾಸ್ತಿ. ತಲೆ ಸೀಳು ನೋಡುವ. ಕಲ್ಲಿದ್ರೆ ಕಲ್ಲೂರು, ಇಲ್ಲದಿದ್ರೆ ಅಲ್ಲ. ಅದರಲ್ಲಿ ಮೋಸ ಇಲ್ಲ."

ರೀನಾ ಸೀಳಿದಳು. ಮೇರಿಯಮ್ಮ ಆ ಎರಡು ಕಲ್ಲುಗಳನ್ನು ತೊಳೆದು ಅಂಗೈಯಲ್ಲಿಟ್ಟುಕೊಂಡು ಹುಡುಗಿಯ ಹಾಗೆ ನಕ್ಕರು. ಮರುಕ್ಷಣವೇ ಅಡುಗೆಮನೆಯಲ್ಲಿ ಸಂಭ್ರಮ ಎದ್ದಿತು. ಬ್ಯಾಡಗಿ ಮೆಣಸು ಘಮ್ಮೆಂದಿತು, ಕೊತ್ತಂಬರಿ ಸಿಡಿಯಿತು, ಹುಣಸೆ ನೆನೆಯಿತು, ತೆಂಗಿನ ತುರಿ ಮಿಕ್ಸಿಗೆ ಬಿತ್ತು. ಮಡಕೆ ಒಲೆಯ ಮೇಲೇರಿತು. ಮಸಾಲೆ ಕುದಿ ಬರುತ್ತಿದ್ದಂತೆ ಮೇರಿಯಮ್ಮ ಮೀನಿನ ತುಂಡುಗಳಿಗೆ ಕೈ ಚಾಚಿದರು. ಬಾಗಿಲಲ್ಲಿ ನಿಂತಿದ್ದ ನೆಲ್ಸನ್ ಹೆಂಡತಿಯತ್ತ ನೋಡಿ, ಸುಮ್ಮನಿರು ಎಂದು ಕಣ್ಣಿನಲ್ಲೇ ಬೇಡಿಕೊಂಡ.

"ಮಾಮಿ, ನಿಲ್ಲಿ. ಅದು ಸಮುದ್ರದ್ದಲ್ಲ. ಈರಿ ಸರೋವರದ್ದು. ನಾನೇ ಹಿಡಿದದ್ದು."

ಮೇರಿಯಮ್ಮನ ಕೈ ನಿಂತಿತು. ಮಡಕೆಯಲ್ಲಿ ಮಸಾಲೆ ಮಾತ್ರ ಕೊತಕೊತ ಎನ್ನುತ್ತಿತ್ತು. ಅವರು ಮೀನನ್ನು ನೋಡಿದರು, ಕಲ್ಲುಗಳನ್ನು ನೋಡಿದರು, ಸೊಸೆಯನ್ನು ನೋಡಿದರು.

"ಸಿಹಿನೀರಾ?"

"ಹೌದು."

"ಅಲೆ ಬರ್ತದಾ?"

"ಬರ್ತದೆ ಮಾಮಿ. ಗಾಳಿ ಬಂದ್ರೆ ದೊಡ್ಡ ದೊಡ್ಡದು."

"ಹಡಗು?"

"ಹಡಗೂ ಹೋಗ್ತದೆ."

"ದಡದಲ್ಲಿ ನಿಂತ್ರೆ ಆಚೆ ದಡ ಕಾಣ್ತದಾ?"

"ಇಲ್ಲ. ನೀರು, ಅದರ ಮೇಲೆ ಆಕಾಶ. ಅಷ್ಟೇ."

"ಮತ್ತೆ ಅದು ಕೆರೆ ಹೇಗೆ ಆಗ್ತದೆ? ಉಪ್ಪು ಹಾಕ್ಲಿಕ್ಕೆ ದೇವರಿಗೆ ಮರೆತಿರ್ಬೇಕು. ಅದನ್ನು ನಾವು ಹಾಕುವ." ಹೀಗೆಂದು ಮೇರಿಯಮ್ಮ ಒಂದು ಹಿಡಿ ಕಲ್ಲುಪ್ಪನ್ನು ಮಡಕೆಗೆ ಬಿಟ್ಟು, ಅದರ ಹಿಂದೆಯೇ ತುಂಡುಗಳನ್ನು ಒಂದೊಂದಾಗಿ ಇಳಿಸಿದರು.

ನೆಲ್ಸನ್ ಜೋರಾಗಿ ನಕ್ಕುಬಿಟ್ಟ. ರೀನಾಗೆ ನಗಲೂ ಆಗಲಿಲ್ಲ. ಈರುಳ್ಳಿ ಹೆಚ್ಚುವ ನೆಪದಲ್ಲಿ ತಲೆ ತಗ್ಗಿಸಿದಳು. ಸಾರಿಗೆ ಈರುಳ್ಳಿ ಬೇಕಾಗಿರಲಿಲ್ಲ.

ಎಲ್ಲರೂ ಊಟಕ್ಕೆ ಕುಳಿತರು. ಮೇರಿಯಮ್ಮ ಕುಚ್ಚಲಕ್ಕಿ ಅನ್ನಕ್ಕೆ ಸಾರು ಕಲಸಿ, ಒಂದು ತುಂಡು ಮುರಿದು, ಕಣ್ಣು ಮುಚ್ಚಿ ಜಗಿದರು. "ಮಾಂಸ ಗಟ್ಟಿ ಉಂಟು. ನಮ್ಮ ಕಲ್ಲೂರಿನಷ್ಟು ನಯ ಇಲ್ಲ. ಆದ್ರೆ ಹುಳಿ ಚೆನ್ನಾಗಿ ಎಳ್ಕೊಂಡಿದೆ." ಇನ್ನೊಂದು ತುಂಡು ಬಾಯಿಗಿಟ್ಟವರು ತಡೆದರು. "ಇದರಲ್ಲಿ ಸ್ವಲ್ಪ ಕೆಸರು. ನೋಡು, ಚರ್ಮದ ಕೆಳಗೆ ಈ ಕೆಂಪು ಪಟ್ಟಿ ಬಿಟ್ಟಿದ್ದಿ. ಇದನ್ನು ಪೂರ್ತಿ ತೆಗೀಬೇಕು. ಉಳಿದದ್ದು ತಿನ್ಲಿಕ್ಕೆ ಲಾಯ್ಕುಂಟು."

ರೀನಾ ತಾನೂ ತಿಂದು ನೋಡಿದಳು. ಅತ್ತೆ ಹೇಳಿದ್ದು ಸರಿಯಾಗಿತ್ತು. ಆ ಕೆಂಪು ಪಟ್ಟಿಯಲ್ಲಿ ಮಾತ್ರ ಮಣ್ಣಿನ ವಾಸನೆ. ಅದನ್ನು ಬಿಡಿಸಿದರೆ ಬಿಳಿಯ, ಹದವಾದ ಮೀನು. ದಡದ ಮುದುಕನನ್ನು ಕರೆದು ಒಂದು ತುತ್ತು ತಿನ್ನಿಸಬೇಕೆಂದು ಅವಳಿಗೆ ಆಸೆಯಾಯಿತು.

ಊಟ ಮುಗಿಯಿತು. ಮೇರಿಯಮ್ಮ ಮಡಕೆಯನ್ನು ಬಿಸಿನೀರಿನಿಂದ ತೊಳೆದು, ಅದರ ಬಾಯಿಗೆ ಮೂಗಿಟ್ಟು ಎರಡು ಸಲ ಮೂಸಿ, ಸಮಾಧಾನದಿಂದ ಬೋರಲು ಹಾಕಿದರು. ಇದೇ ಸಮಯವೆಂದು ರೀನಾ ಧೈರ್ಯ ಮಾಡಿದಳು.

"ಮಾಮಿ, ಹಾಗಾದ್ರೆ ಶನಿವಾರ ಸಮಾಮಿಶ್‌ನಿಂದ ಪರ್ಚ್ ಮೀನು ತರ್ಲಾ?"

"ಅಲ್ಲಿ ಆಚೆ ದಡ ಕಾಣ್ತದಾ?"

ರೀನಾ ಗಂಡನ ಮುಖ ನೋಡಿದಳು. ನೆಲ್ಸನ್ ಕಿಟಕಿಯತ್ತ ತಿರುಗಿದ.

"ಕಾಣ್ತದೆ," ಎಂದಳು.

"ಹಾಗಾದ್ರೆ ಅದಕ್ಕೆ ಸ್ಟೀಲ್ ಪಾತ್ರೆ," ಎಂದು ಮೇರಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು, ಆ ಎರಡು ಕಲ್ಲುಗಳನ್ನು ತಮ್ಮ ಕನ್ನಡಕದ ಡಬ್ಬಿಯೊಳಗೆ ಹಾಕಿಕೊಂಡರು. "ಮೆಲ್ರಾಯ್‌ನ ಮನೆಗೆ ಮತ್ತೆ ಯಾವಾಗ ಹೋಗ್ತೀ?"