ಸ್ಟೀರಿಂಗ್ ನೇರವಾಗದೆ ಕೀ ಕೊಡದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈರ್ ಅಂಗಡಿಯ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಗಾಡಿಯ ಅಡಿ ಇಳಿದು ಕೆಲಸ ಮಾಡಲೆಂದು ತೋಡಿದ ಗುಂಡಿಯ ಮೇಲೆ ನಿಂತ ಬಿಳಿ ಟ್ಯಾಕ್ಸಿಯ ಕೆಳಗಿಂದ ಸ್ಪ್ಯಾನರ್ ಸದ್ದು ಬರುತ್ತಿದೆ. ತುಕ್ಕು ಹಿಡಿದ ನಟ್ಟೊಂದು ಜಪ್ಪಯ್ಯ ಎಂದರೂ ಅಲ್ಲಾಡುತ್ತಿಲ್ಲ. ಕೆಳಗಿರುವ ಹೆಂಗಸು ಅದಕ್ಕೆ ಎಣ್ಣೆ ಬಿಡುತ್ತಾರೆ, ತಂತಿ ಬ್ರಷ್‌ನಿಂದ ಉಜ್ಜುತ್ತಾರೆ, ಮತ್ತೆ ಸ್ಪ್ಯಾನರ್ ಹಾಕುತ್ತಾರೆ. ಅವರಿಗೆ ಅವಸರವಿಲ್ಲ. ಅವಸರವೆಲ್ಲ ಮೇಲೆ ನಿಂತು ಗಡಿಯಾರ ನೋಡಿಕೊಳ್ಳುತ್ತಿರುವ ಚಾಲಕನದು.

ನಿನ್ನೆ ಆತ ಬೇರೆಲ್ಲೋ ಚಕ್ರಗಳ ದಿಕ್ಕು ಹೊಂದಿಸುವ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದಾನೆ. ಗಾಡಿ ನೇರ ಹೋಗುತ್ತದೆ, ಆದರೆ ಸ್ಟೀರಿಂಗ್ ಎಡಕ್ಕೆ ವಾಲಿ ಕೂತಿದೆ. ಕೇಳಿದರೆ, ಗಾಡಿ ನೇರ ಹೋಗ್ತಿದೆಯಲ್ಲ, ಇನ್ನೇನು ಬೇಕು ಎಂದು ಅಲ್ಲಿಯವರು ಸಾಗಹಾಕಿದ್ದಾರೆ. ಈಗ ಇಲ್ಲೂ ತಡವಾಗಿ ಬೆಳಗಿನ ಬಾಡಿಗೆ ತಪ್ಪೀತು ಎಂದು ಹೆದರಿ, ಸದ್ಯಕ್ಕೆ ಹಾಗೇ ಬಿಟ್ಟುಕೊಡಿ ಎಂದು ಆತ ಗೋಗರೆಯುತ್ತಾನೆ.

"ಅರ್ಧ ಬಿಚ್ಚಿದ್ದೀನಿ. ಹೋಗ್ಲೇಬೇಕು ಅಂದ್ರೆ ನೀವು ಹೋಗಿ, ಗಾಡಿ ಇಲ್ಲೇ ಇರ್ಲಿ" ಎಂಬ ಉತ್ತರ ಗುಂಡಿಯೊಳಗಿಂದ ಬರುತ್ತದೆ.

ಈ ರಸ್ತೆಯ ಚಾಲಕರಿಗೆಲ್ಲ ಅವರು 'ಅಲೈನ್‌ಮೆಂಟ್ ಅಕ್ಕ'. ವಯಸ್ಸು ನಲವತ್ತು ದಾಟಿದೆ. ತೋಳು ಮಡಿಸಿದ ನೀಲಿ ಅಂಗಿ, ಕೂದಲಿಗೆ ಬಿಗಿದ ಹಳೆ ಬಟ್ಟೆ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಗ್ರೀಸು. ದಿನಕ್ಕೆ ಏಳೆಂಟು ಗಾಡಿ ನೋಡುತ್ತಾರೆ. ಅವುಗಳಲ್ಲಿ ಒಂದೆರಡಾದರೂ ಬೇರೆಡೆ ಅಲೈನ್‌ಮೆಂಟ್ ಆಗಿ, ಸ್ಟೀರಿಂಗ್ ಸೊಟ್ಟವಾಗಿ ಬಂದವು.

ಅಂಗಡಿ ಅವರ ಅಣ್ಣನದು. ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಅಣ್ಣನೇ ಕರೆದು ಕೌಂಟರಿನಲ್ಲಿ ಕೂರಿಸಿದ್ದ. ಗುಂಡಿಯ ಕೆಲಸಕ್ಕೆ ಬೇರೊಬ್ಬ ಕೆಲಸಗಾರನಿದ್ದ, ಅಕ್ಕ ಅಲ್ಲಿಗಿಳಿಯುವ ಮಾತೇ ಇರಲಿಲ್ಲ. ಆದರೆ ಸ್ಟೀರಿಂಗ್ ಸೊಟ್ಟ ಎಂದು ಸಿಡುಕುತ್ತ ವಾಪಸು ಬಂದವರೆಲ್ಲ ಮೊದಲು ನಿಲ್ಲುತ್ತಿದ್ದದ್ದು ಕೌಂಟರಿನ ಎದುರಿಗೆ. "ಗಾಡಿ ಮುಟ್ಟೋರು ಅವ್ರು, ಬೈಸ್ಕೊಳ್ಳೋಳು ನಾನು. ಎಷ್ಟು ದಿನ ಅಂತ ಸುಮ್ನಿರೋದು?" ಎನ್ನುತ್ತಾರೆ. ಊಟದ ಬಿಡುವಿನಲ್ಲಿ ಗುಂಡಿಯ ಅಂಚಿಗೆ ಕೂತು, ಕೆಲಸಗಾರನನ್ನು ಕಾಡಿ ಬೇಡಿ, ಒಂದೊಂದೇ ತಿಳಿದುಕೊಂಡರು.

ಆ ಕೆಲಸಗಾರ ಬಿಟ್ಟುಹೋದ ವಾರವೇ ಒಬ್ಬ ನರ್ಸ್ ಮೂರನೇ ಸಲ ಅದೇ ದೂರು ಹೊತ್ತು ಬಂದರು. ಹಿಂದಿನ ದಿನ ಪಾಳಿ ಮುಗಿಸಿ ಹೋಗುವಾಗ ನಿದ್ದೆಯಿಂದ ಕಣ್ಣು ಎಳೆದಿದೆ. ವಾಲಿದ ಸ್ಟೀರಿಂಗನ್ನು ಕೈ ತಾನಾಗಿ ನೇರ ಮಾಡಿದೆ. ಕಾರು ಸೀದಾ ಗೋಡೆಯತ್ತ ಸರಿದು ಕನ್ನಡಿ ಒಡೆದಿದೆ. ಸ್ವಲ್ಪದರಲ್ಲಿ ಜೀವ ಉಳಿಯಿತು ಎಂದು ಅವರು ತಣ್ಣಗೆ ಹೇಳಿದ್ದು ಅಕ್ಕನ ಎದೆಗೆ ನಾಟಿತು.

ಸ್ಟೀರಿಂಗ್ ಕಿತ್ತು, ಅದು ಕೂರುವ ದಂಡದ ಒಂದು ಹಲ್ಲು ಆಚೆಗೆ ಕೂರಿಸಿದರೆ ಮುಗಿಯಿತು ಎಂದ ಅಣ್ಣ. ಅದು ಕಣ್ಣಿಗೆ ಮಣ್ಣೆರಚುವ ಕೆಲಸ ಎಂದು ತಂಗಿ ಒಪ್ಪಲಿಲ್ಲ. ದೋಷ ಇರುವುದು ಕೆಳಗೆ, ಎರಡು ಮುಂಚಕ್ರಗಳನ್ನು ತಿರುಗಿಸುವ ರಾಡುಗಳಲ್ಲಿ. ಸ್ಟೀರಿಂಗನ್ನು ನಟ್ಟನಡುವೆ ಬಿಗಿದು ನಿಲ್ಲಿಸದೆ ಅಳತೆ ಮಾಡಿದರೆ, ಇಲ್ಲವೇ ತುಕ್ಕು ಹಿಡಿದ ಕಡೆ ಬಿಟ್ಟು ಸಲೀಸಾದ ಕಡೆಯಷ್ಟೇ ತಿರುಗಿಸಿದರೆ ಹೀಗಾಗುತ್ತದೆ. ಒಂದು ರಾಡು ಎಷ್ಟು ಉದ್ದವಾಗುತ್ತದೋ ಇನ್ನೊಂದು ಅಷ್ಟೇ ಗಿಡ್ಡವಾಗಬೇಕು. ಆಗ ಚಕ್ರಗಳ ಅಳತೆ ಕೆಡದೆ ಸ್ಟೀರಿಂಗ್ ನಡುವಿಗೆ ಬರುತ್ತದೆ.

"ನೀನು ಗುಂಡಿಗಿಳಿದ್ರೆ ನಾನು ಅಂಗಡಿಗೆ ಬರಲ್ಲ" ಎಂದ ಅಣ್ಣ.

"ಬರಬೇಡ. ಅಂಗಡಿ ಕೀ ಇಟ್ಟು ಹೋಗು" ಎಂದರು ತಂಗಿ.

ಅಣ್ಣ ನಿಜಕ್ಕೂ ಮನೆಗೆ ಹೋದ. ನರ್ಸ್ ಟೈರುಗಳ ರಾಶಿಯ ಮೇಲೆ ಕೂತರು. ಮೊದಲ ಪ್ರಯತ್ನದಲ್ಲಿ ಅಕ್ಕ ರಾಡುಗಳನ್ನು ಉಲ್ಟಾ ತಿರುಗಿಸಿಬಿಟ್ಟರು. ರಸ್ತೆಗಿಳಿಸಿದರೆ ಸ್ಟೀರಿಂಗ್ ಮೊದಲಿಗಿಂತ ಸೊಟ್ಟ! ಅಳು ಬಂತಂತೆ, ಆದರೆ ಅತ್ತರೆ ನರ್ಸ್ ಎದ್ದು ಹೋದಾರು ಎಂಬ ಹೆದರಿಕೆಗೆ ಹಲ್ಲು ಕಚ್ಚಿ ಮತ್ತೆ ಕೆಳಗಿಳಿದರು. ಸಂಜೆಯ ಬಿಸಿಲಿಗೆ ಇಬ್ಬರೂ ಕೊನೆಯ ಸಲ ಕಾರು ಹತ್ತಿದರು. ಅಂಗಡಿ ಹಿಂದಿನ ಖಾಲಿ ರಸ್ತೆಯಲ್ಲಿ ನರ್ಸ್ ಹಿಡಿತ ಸಡಿಲಿಸಿದರು. ಸ್ಟೀರಿಂಗ್ ನೆಟ್ಟಗಿತ್ತು, ಕಾರೂ ನೇರ ಹೋಗುತ್ತಿತ್ತು. "ಬಿಗಿದಿದ್ದ ಭುಜ ಈಗ ಇಳೀತು ನೋಡಿ" ಎಂದಷ್ಟೇ ಹೇಳಿದರಂತೆ.

ಮರುದಿನ ಬೆಳಗ್ಗೆ ಅಣ್ಣ ಗಂಟುಮುಖ ಹಾಕಿಕೊಂಡೇ ಬಂದ. ತನ್ನ ಸ್ವಂತ ಕಾರಿನ ಕೀಯನ್ನು ಕೌಂಟರಿನ ಮೇಲಿಟ್ಟು, ಇದೂ ಸ್ವಲ್ಪ ಎಡಕ್ಕಿದೆ, ನೋಡು ಎಂದ. ಅದನ್ನು ನೆನೆದು ಅಕ್ಕನಿಗೆ ಇಂದಿಗೂ ನಗು ತಡೆಯುವುದಿಲ್ಲ. "ಅಷ್ಟು ವರ್ಷ ಸೊಟ್ಟ ಹಿಡ್ಕೊಂಡೇ ಓಡಿಸ್ತಿದ್ದ. ಕೇಳಿದ್ರೆ ರಸ್ತೇನೇ ಸೊಟ್ಟ ಅಂತಿದ್ದ." ಅಂದಿನಿಂದ ಕೌಂಟರಿನಲ್ಲಿ ಅಣ್ಣ, ಗುಂಡಿಯಲ್ಲಿ ತಂಗಿ.

ಕಷ್ಟ ಮುಗಿದಿದೆ ಎಂದಲ್ಲ. ಮಣಿಕಟ್ಟು ಊದಿದ ದಿನ ಬಾಚಣಿಗೆಯನ್ನೂ ಹಿಡಿಯಲಾಗದೆ ಅತ್ತಿಗೆಯೇ ತಲೆ ಬಾಚಬೇಕು. ಹೆಂಗಸನ್ನು ಕಂಡು ಗಾಡಿ ತಿರುಗಿಸಿಕೊಂಡು ಹೋಗುವವರು ಈಗಲೂ ಇದ್ದಾರೆ. ಹೋಗಲಿ, ಸ್ಟೀರಿಂಗ್ ಸೊಟ್ಟವಾದರೆ ತಾವೇ ಬರುತ್ತಾರೆ ಎನ್ನುತ್ತಾರೆ ಅಕ್ಕ.

ಟ್ಯಾಕ್ಸಿಯ ನಟ್ಟು ಕೊನೆಗೂ ಸೋಲುತ್ತದೆ. ಅಳತೆ ಮುಗಿಸಿ ಅಕ್ಕನೇ ಓಡಿಸಿ ನೋಡಿ ಕೀ ಕೊಡುತ್ತಾರೆ. ಅಷ್ಟರಲ್ಲಿ ಬಾಡಿಗೆಯನ್ನು ಗೆಳೆಯನಿಗೆ ಬಿಟ್ಟುಕೊಟ್ಟಿರುವ ಚಾಲಕ ಮುಖ ಊದಿಸಿಕೊಂಡೇ ಹೊರಡುತ್ತಾನೆ. ರಸ್ತೆಯ ತುದಿಯವರೆಗೂ ಹೋಗಿ ತಿರುಗಿ ಬಂದು, ಕಿಟಕಿ ಇಳಿಸಿ, ನಮ್ಮ ಭಾವನ ಗಾಡೀನೂ ಕಳಿಸ್ತೀನಿ ಎಂದು ಹೇಳಿ ಹೋಗುತ್ತಾನೆ.

ಮುಂದೇನು ಎಂದು ಕೇಳಿದರೆ ಅಕ್ಕನ ಬಳಿ ಉತ್ತರ ಸಿದ್ಧವಿದೆ. ಲಾರಿಗಳ ಅಲೈನ್‌ಮೆಂಟನ್ನೂ ಮಾಡಬೇಕು, ಅದಕ್ಕೆ ಲಾರಿ ಓಡಿಸುವ ಲೈಸೆನ್ಸ್ ಬೇಕು. ಒಮ್ಮೆ ಪರೀಕ್ಷೆಗೆ ಹೋಗಿ, ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿ ಫೇಲಾಗಿದ್ದಾರೆ. ಸೋಮವಾರ ಮತ್ತೆ ಹೋಗುತ್ತಾರೆ.

"ಲೈಸೆನ್ಸ್ ಇಲ್ದಿದ್ರೆ, ಲಾರಿ ಸರಿ ಮಾಡಿದ್ಮೇಲೆ ನೇರ ಇದೆಯಾ ಅಂತ ಡ್ರೈವರ್‌ನ ಕೇಳ್ಬೇಕಾಗತ್ತೆ. ಅವ್ನು ಇದೆ ಅಂತಾನೆ, ನಾನು ನಂಬಬೇಕು" ಎನ್ನುತ್ತ ಅವರು ಗ್ರೀಸಿನ ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ. "ಅಷ್ಟು ದೊಡ್ಡ ಗಾಡಿ ನೇರ ಹೋಗೋದು ನನ್ನ ಕೈಗೇ ಗೊತ್ತಾಗ್ಬೇಕು."